ಮೀನು ಲಾರಿಯ ಲೆಕ್ಕ

ಮಂಗಳೂರಿನ ಧಕ್ಕೆಯಲ್ಲಿ ಮೀನು ಸಾಗಣೆಯವರ ಲೆಕ್ಕ ಬರೆದು ಬದುಕಿದವನು ನಾನು. ಸ್ಟಿಯರಿಂಗ್ ಮುಟ್ಟಿದವನಲ್ಲ. ಆದರೆ ಯಾರು ಯಾವ ಲಾರಿ ಕೊಂಡರು, ಯಾರು ಕಂತು ತೀರಿಸಿ ಎರಡನೆಯದಕ್ಕೆ ಕೈಹಾಕಿದರು, ಯಾರು ಅರ್ಧದಲ್ಲೇ ಮಾರಿ ಕೈತೊಳೆದರು ಎಂಬುದೆಲ್ಲ ಖಾತೆ ಪುಸ್ತಕದಲ್ಲಿ ಕಾಣುತ್ತಿತ್ತು. ಅದನ್ನು ನೋಡಿ ಹೇಳುವುದಾದರೆ, ನಮ್ಮ ಕಸುಬಿನಲ್ಲಿ ಲಾರಿಯನ್ನು ಆರಿಸುತ್ತಿದ್ದುದು ಧಣಿಗಿಂತ ಹೆಚ್ಚಾಗಿ ಐಸು.

ದಡದಿಂದ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ದೂರದ ಊರಿಗೆ ಹಸಿ ಮೀನು ಹೋಗುವುದು ಕಡಿಮೆ. ಬಂಗುಡೆ, ಬೂತಾಯಿ ರಾಶಿ ಬಿದ್ದರೆ ಉಪ್ಪು ಹಾಕಿ ಒಣಗಿಸುತ್ತಿದ್ದರು. ಮಿಕ್ಕದ್ದು ತೆಂಗಿನ ಬುಡಕ್ಕೆ ಗೊಬ್ಬರ. 1970ರ ದಶಕದ ನಡುವಿನಲ್ಲಿ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು. ಒಂದೇ ದಿನ ಧಕ್ಕೆಗೆ ಬಂದು ಬೀಳುವ ಮೀನನ್ನು ಊರು ತಿಂದು ಮುಗಿಸುವಂತಿರಲಿಲ್ಲ. ತಲಪಾಡಿ ದಾಟಿ ಕೇರಳಕ್ಕೆ, ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ರಾತ್ರೋರಾತ್ರಿ ಮುಟ್ಟಿಸಲೇಬೇಕಾಯಿತು.

ಆಗ ಕೊಳ್ಳುವವನ ಮುಂದೆ ಇದ್ದ ಆಯ್ಕೆ ದೊಡ್ಡದಲ್ಲ. ಡೈಮ್ಲರ್-ಬೆಂಜ್ ಜೊತೆ ಸೇರಿ ಟಾಟಾದವರ ಟೆಲ್ಕೊ 1954ರಲ್ಲಿ ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಸಲು ತೊಡಗಿತ್ತು. 1969ರಲ್ಲಿ ಆ ಒಪ್ಪಂದ ಮುಗಿದು ಮೂತಿಯ ಮೇಲಿನ ಬೆಂಜ್ ನಕ್ಷತ್ರ ಹೋಗಿ ‘ಟಿ’ ಬಂತು. ಧಕ್ಕೆಯವರ ಬಾಯಲ್ಲಿ ಮಾತ್ರ ಅದು ಮುಂದೆಯೂ ‘ಬೆಂಜ್ ಲಾರಿ’ಯೇ. ಇನ್ನೊಂದು ಎಣ್ಣೂರಿನ ಲೇಲ್ಯಾಂಡ್. ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯ ಫಾರ್ಗೊ, ಡಾಡ್ಜ್‌ಗಳೂ ಕಲ್ಕತ್ತೆ ಕಡೆಯ ಬೆಡ್‌ಫೋರ್ಡೂ ಅಲ್ಲಲ್ಲಿ ಇದ್ದವು. ಹಣ ಕಟ್ಟಿ ಸರದಿ ಕಾಯಬೇಕಿತ್ತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಒಂದೆರಡು ಲಾರಿಯ ಸಣ್ಣ ಮಾಲೀಕರೂ ಆದ್ಯತೆಯ ಸಾಲದ ಪಟ್ಟಿಗೆ ಸೇರಿದರು. ಆಗಿನ ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಕೆನರಾ, ಸಿಂಡಿಕೇಟ್ ಎರಡೂ ಆ ಹದಿನಾಲ್ಕರಲ್ಲಿದ್ದವು.

ಸಾಲ ಸಿಕ್ಕಿದರೂ ಕೈಗೆ ಬರುತ್ತಿದ್ದುದು ಬರೀ ಚಾಸಿಸ್. ಬಾಡಿ ಕಟ್ಟಿಸುವ ಖರ್ಚು ಬೇರೆ. ಮೀನು ಲಾರಿಯ ಅಸಲು ಲೆಕ್ಕ ಶುರುವಾಗುವುದೇ ಅಲ್ಲಿ. ನಮ್ಮ ಸೆಕೆಗೆ ಮೀನಿನ ತೂಕದಷ್ಟೇ ಐಸು ಬೇಕೆಂಬುದು ಹಳೆಯ ಪಾಠ. ಅಂದರೆ ಎಂಟು ಟನ್ನಿನ ಲಾರಿಯಲ್ಲಿ ಬಾಡಿಗೆ ಹುಟ್ಟುವುದು ನಾಲ್ಕು ಟನ್ನಿಗೆ. ಉಳಿದ ನಾಲ್ಕು ಟನ್ ದಾರಿಯುದ್ದಕ್ಕೂ ಕರಗಿ ರಸ್ತೆಗೆ ಹೋಗುವ ನೀರು. ಐಸು ಕಡಿಮೆ ಮಾಡಿದರೆ ಮೀನಿನ ಕಣ್ಣು ಕೆಂಪಾಗಿ ಹರಾಜಿನಲ್ಲಿ ರೇಟು ಬೀಳುತ್ತದೆ. ಮೀನಿನ ಉಪ್ಪು ಸೇರಿದ ಐಸಿನ ನೀರು ಹಲಗೆಯ ಸಂದಿಯಲ್ಲಿ ಇಳಿದು ಚಾಸಿಸ್ಸಿಗೆ ತುಕ್ಕು ಹಿಡಿಸುತ್ತದೆ. ಹಳೆಯ ಮೀನು ಲಾರಿಗೆ ಒಳ್ಳೆಯ ಗಿರಾಕಿ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಮತ್ತೊಂದು ಲೆಕ್ಕ ಗಂಟೆಯದು. ಬೆಳಗಿನ ಹರಾಜು ತಪ್ಪಿದರೆ ಬಂದದ್ದೂ ಬಾರದ್ದೂ ಒಂದೇ. ಶಿರಾಡಿಯ ಏರಿನಲ್ಲಿ ಮುಂದೆ ಒಂದು ಲಾರಿ ಕೆಟ್ಟು ನಿಂತರೆ ಹಿಂದಿನ ಮೀನಿನ ಗತಿ ಮುಗಿಯಿತು. ಹಾಗಾಗಿ ತಿಳಿದವರು ಲಾರಿ ಕೊಳ್ಳುವ ಮೊದಲು ಸಕಲೇಶಪುರ, ಹಾಸನದ ಮೆಕ್ಯಾನಿಕ್‌ಗಳಿಗೆ ಯಾವ ಎಂಜಿನ್ ಚೆನ್ನಾಗಿ ಗೊತ್ತು ಎಂದು ವಿಚಾರಿಸುತ್ತಿದ್ದರು. ಇದಕ್ಕೆ ಹೋಲಿಸಿದರೆ ಸರ್ಕಾರಿ ಕಾಗದಪತ್ರದ ಕಾಟ ಕಾಲಕಾಲಕ್ಕೆ ಇಳಿಯಿತು: 1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂತು, 1979ರಲ್ಲಿ ಕರ್ನಾಟಕದಲ್ಲಿ ಊರೊಳಗೆ ಸರಕು ತರುವ ಸುಂಕವಾದ ಆಕ್ಟ್ರಾಯ್ ಹೋಯಿತು.

1980ರ ದಶಕದ ನಡುವೆ ಸ್ವರಾಜ್ ಮಜ್ದಾ, ಐಷರ್ ಕ್ಯಾಂಟರ್, 1986ರಲ್ಲಿ ಟಾಟಾ 407 ಬಂದ ಮೇಲೆ ಧಕ್ಕೆಯಲ್ಲಿ ಹೊಸ ಚರ್ಚೆ ಹುಟ್ಟಿತು. ಸಣ್ಣ ಗಾಡಿ ಬೇಗ ತುಂಬುತ್ತದೆ, ಬೇಗ ಹೊರಡುತ್ತದೆ. ದೊಡ್ಡ ಲಾರಿಗೆ ಟನ್ನಿನ ಮೇಲೆ ಬೀಳುವ ಡೀಸೆಲ್ ಖರ್ಚು ಕಡಿಮೆ, ಆದರೆ ಲೋಡು ತುಂಬುವವರೆಗೆ ಧಕ್ಕೆಯಲ್ಲೇ ಐಸು ಕರಗುತ್ತದೆ. ಐದಾರು ಬೋಟಿನವರು ಕಾಯಂ ಮೀನು ಕೊಡುವ ಭರವಸೆ ಇದ್ದವರಿಗೆ ಮಾತ್ರ ದೊಡ್ಡದು ಒಗ್ಗಿತು. ಉಳಿದವರು 407ರಲ್ಲಿ ನಾಲ್ಕು ಕಾಸು ಕಂಡರು.

ಬ್ಯಾಂಕಿನ ಕಂತು ವರ್ಷಕ್ಕೆ ಹನ್ನೆರಡು, ಮೀನಿನ ತಿಂಗಳು ಹತ್ತೇ. ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ. ಮೀನಿನ ವಾಸನೆಯ ಲಾರಿಗೆ ಅಕ್ಕಿ, ಸಕ್ಕರೆ ಯಾರೂ ತುಂಬುವುದಿಲ್ಲ. ಹಿಂದೆ ಹೆಂಚು, ಮರ ಸಿಕ್ಕಿದವರು ಬಚಾವಾದರು. ನನ್ನ ಪುಸ್ತಕದಲ್ಲಿ ಮುಳುಗಿದವರಲ್ಲಿ ಹೆಚ್ಚಿನವರು ಕೆಟ್ಟ ಲಾರಿ ಕೊಂಡವರಲ್ಲ, ಮಳೆಗಾಲ ಮರೆತು ಕೊಂಡವರು. ಮೊದಲ ದೊಡ್ಡ ಲಾರಿಗೆ ಸಾಲ ಕೇಳಲು ಹೊರಟಿರುವ ತಮ್ಮಂದಿರೇ, ಷೋರೂಮಿಗೆ ಆಮೇಲೆ ಹೋಗಿ. ಆ ಎರಡು ತಿಂಗಳು ಬಾಡಿಗೆ ಕೊಡುವವರು ಯಾರೆಂದು ಮೊದಲು ಗೊತ್ತುಮಾಡಿಕೊಳ್ಳಿ.