ಒಣಹುಲ್ಲು ಬೆಂಕಿಯಾಗುವ ಮುನ್ನ: ಗಡಿಸೀಮೆಯ ಕುರಿ, ಆಡು ಮತ್ತು ಕಾಳ್ಗಿಚ್ಚು

ಬೇಸಿಗೆಯ ಬೆಂಕಿಗೆ ಕಿಡಿ ಎಲ್ಲಿಂದಲಾದರೂ ಬರುತ್ತದೆ. ಸೇದಿ ಎಸೆದ ಬೀಡಿ, ಬದುವಿನ ಕಸಕ್ಕೆ ಹಚ್ಚಿದ ಉರಿ, ರಸ್ತೆ ಬದಿಯ ಅಡುಗೆ ಒಲೆ, ಯಾವುದಾದರೂ ಸಾಕು. ಕಿಡಿಯನ್ನು ಪೂರ್ತಿ ತಡೆಯಲು ಯಾವ ಊರಿಗೂ ಆಗಿಲ್ಲ, ಗಾಳಿಯಂತೂ ನಮ್ಮ ಮಾತು ಕೇಳುವುದಿಲ್ಲ. ನಮ್ಮ ಕೈಗೆ ಸಿಗುವುದು ಉರಿಯುವ ವಸ್ತು ಮಾತ್ರ: ಒಣಹುಲ್ಲು, ತರಗು, ಪೊದೆ. ಅದನ್ನು ಬಿಸಿಲು ಏರುವ ಮೊದಲೇ ಕುರಿ, ಆಡುಗಳಿಗೆ ಮೇಯಿಸಿ ಕಡಿಮೆ ಮಾಡುವುದಕ್ಕೆ ಸ್ಪೇನ್, ಅಮೆರಿಕದಂಥ ದೇಶಗಳಲ್ಲಿ ಈಗ ಹಣ ಕೊಡುತ್ತಾರೆ. ಕರ್ನಾಟಕದ ಗಡಿಗೆ ಹತ್ತಿರವಿರುವ ತೆಲಂಗಾಣದ ಮೊಗುಡಂಪಲ್ಲಿ, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಲ್ಲಿ ಇದೇ ಕೆಲಸ ಮೇವಿನ ಹೆಸರಿನಲ್ಲಿ ತಲೆಮಾರುಗಳಿಂದ ನಡೆದುಬಂದಿದೆ.

ಸೀಮೆ ಮತ್ತು ಹಿಂಡು

1956ರ ರಾಜ್ಯ ಪುನರ್‌ವಿಂಗಡಣೆಗೆ ಮೊದಲು ನಾರಾಯಣಖೇಡ ಮತ್ತು ಜಹೀರಾಬಾದ್ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಮೊಗುಡಂಪಲ್ಲಿ ಪ್ರತ್ಯೇಕ ಮಂಡಲವಾದದ್ದು 2016ರಲ್ಲಿ, ಸಂಗಾರೆಡ್ಡಿ ಜಿಲ್ಲೆಯ ಜೊತೆಯಲ್ಲೇ. ಕೆಂಪು ಜಂಬಿಟ್ಟಿಗೆಯ ಮಟ್ಟಿ, ತಗ್ಗಿನಲ್ಲಿ ಎರೆ ಭೂಮಿ, ನಡುವೆ ಕುರುಚಲು ಕಾಡು. ಗಡಿಯ ಈಚೆ ಬೀದರ್, ಕಲಬುರಗಿಯಲ್ಲೂ ನೆಲ ಬೇರೆಯಲ್ಲ.

ಇಲ್ಲಿಯ ಕುರಿ ದಖ್ಖನಿ, ಒರಟು ಕರಿ ಉಣ್ಣೆಯದು. ಕರ್ನಾಟಕದ ಕುರುಬರು, ತೆಲಂಗಾಣದ ಕುರುಮರು, ಮಹಾರಾಷ್ಟ್ರದ ಧನಗರರು ಮೂವರೂ ಇದನ್ನೇ ಸಾಕಿದವರು, ಇದರ ಉಣ್ಣೆಯಲ್ಲೇ ಕಂಬಳಿ ನೇಯಿಸಿದವರು. ಆಡುಗಳಲ್ಲಿ ಉಸ್ಮಾನಾಬಾದಿ ಮತ್ತು ಬೀದರಿ ತಳಿಗಳು ಈ ಭಾಗಕ್ಕೆ ಸೇರಿದವು. 2019ರ ಜಾನುವಾರು ಗಣತಿಯಂತೆ ತೆಲಂಗಾಣದಲ್ಲಿ ಸುಮಾರು 1.9 ಕೋಟಿ ಕುರಿಗಳಿವೆ, ದೇಶಕ್ಕೇ ಮೊದಲ ಸ್ಥಾನ. ಕರ್ನಾಟಕದಲ್ಲಿ ಸುಮಾರು 1.1 ಕೋಟಿ.

ಕುರಿಯ ಬಾಯಿ, ಆಡಿನ ಬಾಯಿ

ನಮ್ಮ ಒಣಕಾಡುಗಳಲ್ಲಿ ಬೆಂಕಿ ಸಾಮಾನ್ಯವಾಗಿ ನೆಲ ಹಿಡಿದು ಓಡುತ್ತದೆ. ಮಳೆಗಾಲದಲ್ಲಿ ಎದ್ದ ಹುಲ್ಲು ನವೆಂಬರ್ ಹೊತ್ತಿಗೆ ಹಳದಿಯಾಗುತ್ತದೆ, ಫೆಬ್ರುವರಿಗೆ ಗರಿಗರಿಯಾಗಿ ಒಣಗಿ ನಿಂತಿರುತ್ತದೆ. ಮೊಣಕಾಲೆತ್ತರದ ಹುಲ್ಲಿಗೆ ತಗುಲಿದ ಉರಿ ಗಾಳಿ ಸಿಕ್ಕರೆ ಮನುಷ್ಯನೆತ್ತರ ಏಳುತ್ತದೆ, ಹತ್ತಿರ ಹೋಗಿ ಹಸಿ ಸೊಪ್ಪಿನಿಂದ ಬಡಿದು ಆರಿಸುವುದು ಅಸಾಧ್ಯ. ಅದೇ ಹುಲ್ಲು ಬೆರಳುದ್ದಕ್ಕೆ ಇಳಿದಿದ್ದರೆ ಉರಿ ಕುಳ್ಳಗಾಗುತ್ತದೆ, ನಿಧಾನವಾಗುತ್ತದೆ, ಬರಿನೆಲ ಸಿಕ್ಕಲ್ಲಿ ತಾನೇ ನಂದುತ್ತದೆ. ಮೇಯಿಸುವುದರಿಂದ ಬೆಂಕಿ ಹುಟ್ಟುವುದು ನಿಲ್ಲದಿದ್ದರೂ, ಹುಟ್ಟಿದ್ದನ್ನು ನಾಲ್ಕು ಜನ ಸೇರಿ ಆರಿಸಬಹುದಾದ ಮಟ್ಟಕ್ಕೆ ತರಬಹುದು.

ಈ ಕೆಲಸದಲ್ಲಿ ಕುರಿ, ಆಡುಗಳ ಪಾಲು ಬೇರೆ ಬೇರೆ. ಕುರಿ ತಲೆ ತಗ್ಗಿಸಿ ನೆಲದ ಹುಲ್ಲನ್ನು ಬುಡದವರೆಗೆ ಕತ್ತರಿಸುತ್ತದೆ. ಆಡು ಮುಂಗಾಲನ್ನು ಜಾಲಿ ಕೊಂಬೆಗೆ ಊರಿ, ಹಿಂಗಾಲ ಮೇಲೆ ನೆಟ್ಟಗೆ ನಿಂತು, ಮುಳ್ಳಿನ ಸಂದಿಯಿಂದ ಎಲೆಯನ್ನಷ್ಟೇ ತುಟಿಯಲ್ಲಿ ಬಿಡಿಸಿಕೊಳ್ಳುತ್ತದೆ. ಒಗರು ಸೊಪ್ಪೂ ಅದಕ್ಕೆ ಒಗ್ಗುತ್ತದೆ. ಹುಲ್ಲಿನ ಬೆಂಕಿ ಪೊದೆ ಹತ್ತಿ, ಪೊದೆಯಿಂದ ಮರಕ್ಕೆ ಏರುತ್ತದಲ್ಲ, ಆ ನಡುವಿನ ಮೆಟ್ಟಿಲನ್ನು ತೆಗೆಯುವುದು ಆಡು. ಎರಡೂ ಕೂಡಿದ ಹಿಂಡು ಬೆಂಕಿಯ ಲೆಕ್ಕದಲ್ಲಿ ಹೆಚ್ಚು ಉಪಯುಕ್ತ.

ಮಿತಿಯೂ ಇಲ್ಲೇ ಇದೆ. ಬೀಜದ ಮೊನೆ ಉಣ್ಣೆಗೆ ಚುಚ್ಚಿ ಚರ್ಮ ಸೇರುವ ಹುಲ್ಲು ತೆನೆ ಬಿಟ್ಟ ಮೇಲೆ ಕುರಿಗಾರ ಹಿಂಡನ್ನು ಅತ್ತ ಬಿಡುವುದಿಲ್ಲ. ಕಟುವಾಸನೆಯ ಎಣ್ಣೆ ಹುಲ್ಲನ್ನು ಬಲಿತ ಮೇಲೆ ಕುರಿ ಮೂಸಿ ಬಿಡುತ್ತದೆ. ಹೀಗೆ ಉಳಿದದ್ದೇ ಬೇಸಿಗೆಯಲ್ಲಿ ಧಗಧಗಿಸುತ್ತದೆ. ಲಂಟಾನವಂತೂ ಜಾನುವಾರಿಗೆ ವಿಷ, ತಿಂದರೆ ಯಕೃತ್ತು ಕೆಟ್ಟು ಕಾಮಾಲೆ ಬರುತ್ತದೆ. ಲಂಟಾನ ತುಂಬಿದ ಕಾಡಿಗೆ ಎಷ್ಟು ಹಿಂಡು ನುಗ್ಗಿಸಿದರೂ ಪ್ರಯೋಜನವಿಲ್ಲ, ಸುತ್ತಲಿನ ಹುಲ್ಲು ಹೋಗಿ ಅದಕ್ಕೇ ಜಾಗವಾಗುತ್ತದೆ.

ಹೊಲದಿಂದ ಹೊರಡುವ ಉರಿ

ಜಹೀರಾಬಾದ್ ಸುತ್ತ ಕಬ್ಬು, ತಾಂಡೂರಿನಲ್ಲಿ 2022ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ತೊಗರಿ, ಎಲ್ಲೆಡೆ ಜೋಳ. ಕಟಾವಿನ ನಂತರ ರವದಿಗೆ, ಕೂಳೆಗೆ ಬೆಂಕಿ ಇಡುವ ರೂಢಿ ಬೆಳೆದಿದೆ. ಬದು ದಾಟಿದ ಉರಿ ಪಕ್ಕದ ಹುಲ್ಲುಬಯಲಿಗೆ, ಅಲ್ಲಿಂದ ಕುರುಚಲು ಕಾಡಿಗೆ ಹೋಗುತ್ತದೆ. ಕೊಯ್ದ ಹೊಲಕ್ಕೆ ಕುರಿ ಬಿಟ್ಟರೆ ಉದುರಿದ ಎಲೆ, ಕಾಳು, ಕಳೆ, ಬದುವಿನ ಹುಲ್ಲು ಅದರ ಹೊಟ್ಟೆ ಸೇರುತ್ತವೆ. ರಾತ್ರಿ ಬಲೆ ಕಟ್ಟಿ ಅದೇ ಹೊಲದಲ್ಲಿ ಹಿಂಡು ನಿಲ್ಲಿಸಿದರೆ ಹಿಕ್ಕೆ, ಗಂಜಲ ಮಣ್ಣಿಗೆ ಬೀಳುತ್ತವೆ. ಇದಕ್ಕಾಗಿ ರೈತ ಕುರಿಗಾರನಿಗೆ ಕಾಳು ಅಥವಾ ಹಣ ಕೊಡುವ ಪದ್ಧತಿ ಹಳೆಯದು. ತೊಗರಿ ಕಟ್ಟಿಗೆ, ದಪ್ಪ ರವದಿಯನ್ನು ಕುರಿ ಮುಗಿಸಲಾರದು, ಅದಕ್ಕೆ ಬೇರೆ ದಾರಿ ಬೇಕು. ಆದರೆ ಬದು ಬೋಳಾಗಿದ್ದರೆ ಉರಿ ಆ ಹೊಲದಲ್ಲೇ ಉಳಿಯುವ ಸಂಭವ ಹೆಚ್ಚು. ನನಗೆ ಈ ಸೀಮೆಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕೈಗೂಡುವ ಕೆಲಸ ಇದೇ ಎನಿಸುತ್ತದೆ, ಯಾಕೆಂದರೆ ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಕಾಡಿನೊಳಗೆ ಬಿಡಬಹುದೇ?

ಮೊಗುಡಂಪಲ್ಲಿಯ ನೆರೆಯಲ್ಲೇ, ಕಲಬುರಗಿ ಜಿಲ್ಲೆಯಲ್ಲಿ, 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಧಾಮವಿದೆ. ಸುಮಾರು 135 ಚದರ ಕಿಲೋಮೀಟರ್ ಒಣಕಾಡು, ಅಂಚಿನಲ್ಲಿ ತಾಂಡಾಗಳು. ಇಂಥ ಕಡೆ ಪ್ರಶ್ನೆ ಬಿಗಿಯಾಗುತ್ತದೆ. 2025ರ ಜೂನ್‌ನಲ್ಲಿ ಮಲೆಮಹದೇಶ್ವರ ವನ್ಯಧಾಮದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಹಸುವಿನ ಕಳೇಬರಕ್ಕೆ ಹಾಕಿದ ವಿಷದಿಂದ ಸತ್ತ ಮೇಲೆ, ಕಾಡಿನಲ್ಲಿ ಜಾನುವಾರು ಮೇಯಿಸುವುದನ್ನು ನಿಷೇಧಿಸಲು ಕ್ರಮ ಕೈಗೊಳ್ಳುವಂತೆ ಅರಣ್ಯ ಸಚಿವ ಈಶ್ವರ ಖಂಡ್ರೆ ಸೂಚಿಸಿದರು. ವನ್ಯಪ್ರಾಣಿಗಳ ಪರ ವಾದಿಸುವವರ ಆತಂಕ ನಿಜವಾದದ್ದು: ಹಿಂಡು ಹೆಚ್ಚಾದರೆ ಜಿಂಕೆಗೆ ಮೇವಿಲ್ಲ, ಎಳೆ ಸಸಿ ಉಳಿಯುವುದಿಲ್ಲ, ಪಿಪಿಆರ್‌ನಂಥ ಕುರಿರೋಗ ಕಾಡುಪ್ರಾಣಿಗೂ ತಗುಲುತ್ತದೆ. ಹೊಸ ಚಿಗುರು ಬರಲೆಂದು ಹುಲ್ಲಿಗೆ ಬೆಂಕಿ ಇಡುವ ಕುರಿಗಾರರೂ ಇದ್ದಾರೆ, ಅದನ್ನು ಮುಚ್ಚಿಡಬೇಕಿಲ್ಲ.

ಇನ್ನೊಂದು ಮಗ್ಗುಲೂ ಇದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ 4 ಸಾವಿರ ಹೆಕ್ಟೇರ್‌ಗೂ ಹೆಚ್ಚು ಕಾಡು ಸುಟ್ಟಿತು. ಕಾವಲಿದ್ದ ಕಾಡಿಗೂ ಒಣಗಿ ನಿಂತ ಹುಲ್ಲು, ಲಂಟಾನ ಎಷ್ಟು ಅಪಾಯವೆಂದು ಆಗ ನಾಡೇ ಕಂಡಿತು. ಕಾಡಿನ ಒಡಲಿಗೆ ಹಿಂಡು ಬೇಡ, ಅಂಚಿಗೆ ಬೇಕು ಎಂಬುದು ನನ್ನ ನಿಲುವು. ಊರು, ಹೊಲ, ರಸ್ತೆ ಕಾಡಿಗೆ ತಾಗುವಲ್ಲೇ ಕಿಡಿ ಬೀಳುವುದು ಹೆಚ್ಚು.

ಹೊರದೇಶದ ಪಾಠ

ಅಮೆರಿಕದ ಓಕ್‌ಲ್ಯಾಂಡ್ ಗುಡ್ಡಗಳಲ್ಲಿ 1991ರ ಬೆಂಕಿ 25 ಜನರನ್ನು ಬಲಿ ತೆಗೆದುಕೊಂಡಿತು. ಈಗ ಅಲ್ಲಿ ಪೊದೆ ಇಳಿಸಲು ಬಾಡಿಗೆಗೆ ಆಡು ತರಿಸುತ್ತಾರೆ. ಸ್ಪೇನ್‌ನ ಕೆಟಲೋನಿಯಾದಲ್ಲಿ ಬೆಂಕಿ ತಡೆಯಲು ಮೇಯಿಸಿದ ಹಿಂಡಿನ ಮಾಂಸಕ್ಕೆ ಪ್ರತ್ಯೇಕ ಮುದ್ರೆ ಇದೆ. ಅದೇ ದೇಶದ ಆಂಡಲೂಸಿಯಾದಲ್ಲಿ ಬೆಂಕಿ ರೇಖೆಗಳನ್ನೇ, ಅಂದರೆ ಉರಿ ದಾಟದಂತೆ ಬೋಳು ಮಾಡಿಟ್ಟ ಪಟ್ಟಿಗಳನ್ನೇ, ಕುರಿಗಾರರಿಗೆ ಹಂಚಿ, ಹೆಕ್ಟೇರಿಗಿಷ್ಟೆಂದು ಕೊಡುತ್ತಾರೆ. ಹುಲ್ಲು ಎಷ್ಟು ಇಳಿದಿದೆ ಎಂದು ಸ್ಥಳಕ್ಕೆ ಬಂದು ನೋಡುತ್ತಾರೆ, ದುಡ್ಡು ಅದರ ಮೇಲೆ.

ಯಾವಾಗ, ಎಲ್ಲಿ

ನಮ್ಮಲ್ಲಿ ಅರಣ್ಯ ಇಲಾಖೆ ಬೇಸಿಗೆಗೆ ಮೊದಲು ಬೆಂಕಿ ರೇಖೆ ಕಡಿದು ಸುಡಿಸುತ್ತದೆ. ಹಿಂಡಿನ ಕೆಲಸ ಅದಕ್ಕೂ ಮುಂಚೆ, ತೆನೆ ಬಲಿಯುವ ಮೊದಲೇ ಶುರುವಾಗಿ ಜನವರಿಯವರೆಗೆ ನಡೆಯಬೇಕು. ಹರಡಿಕೊಂಡು ಅಲ್ಲಿಷ್ಟು ಇಲ್ಲಿಷ್ಟು ಮೇಯ್ದರೆ ಸಾಲದು. ರೇಖೆಯ ಪಕ್ಕದ ಪಟ್ಟಿಯಲ್ಲಿ ಹಿಂಡನ್ನು ಒತ್ತಾಗಿ ನಿಲ್ಲಿಸಿ, ಹುಲ್ಲು ಬೆರಳುದ್ದಕ್ಕೆ ಬಂದ ಮೇಲೆ ಮುಂದಕ್ಕೆ ಹೊಡೆಯಬೇಕು. ನೀರಿಲ್ಲದ ಕಡೆ ಹಿಂಡು ನಿಲ್ಲುವುದಿಲ್ಲ, ಆದ್ದರಿಂದ ಪಟ್ಟಿಯ ತುದಿಗೊಂದು ನೀರಿನ ತೊಟ್ಟಿ ಬೇಕು. ಹಿಂಡಿಗೆ ಮೊದಲೇ ಪಿಪಿಆರ್ ಲಸಿಕೆ ಆಗಿರಬೇಕು.

ಇದೆಲ್ಲಕ್ಕೂ ಹಿಂಡು ಉಳಿದಿರಬೇಕು, ಹಿಂಡಿಗೆ ವರ್ಷವಿಡೀ ನೆಲವಿರಬೇಕು. ಆದರೆ ನೆಲಕ್ಕೆ ಬೇರೆ ಬೇಡಿಕೆಗಳೂ ಇವೆ: ಜಹೀರಾಬಾದಿನ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆ ನ್ಯಾಲಕಲ್, ಝರಾಸಂಗಂ ಮಂಡಲಗಳಲ್ಲಿ ಗುರುತಿಸಿದ್ದೇ ಸುಮಾರು 12,600 ಎಕರೆ. ಇತ್ತ ಹಿಂಡು ಹೆಚ್ಚಿಸಲು 2017ರಲ್ಲಿ ತೆಲಂಗಾಣ ಸರ್ಕಾರ ಶೇ 75ರ ಸಬ್ಸಿಡಿಯಲ್ಲಿ ಕುಟುಂಬಕ್ಕೆ 20 ಕುರಿ, ಒಂದು ಟಗರು ಹಂಚಲು ಆರಂಭಿಸಿತು. ಅವು ಮೇಯುವ ಕಂಚ, ಗಾಯರಾಣಗಳನ್ನು ಊರೂರಿಗೆ ಅಳೆದು ಗುರುತು ಮಾಡಿಕೊಟ್ಟರೆ, ಬೆಂಕಿ ರೇಖೆಯ ಪಕ್ಕದ ಪಟ್ಟಿಯನ್ನು ಯಾವ ಹಿಂಡಿಗೆ ಒಪ್ಪಿಸಬೇಕೆಂದು ಆಯಾ ಊರಿನ ಕುರಿಗಾರರ ಸಂಘದೊಂದಿಗೇ ಕೂತು ತೀರ್ಮಾನಿಸಬಹುದು.