27 ವರ್ಷದ ಸಂಗಾತಿ: ಸ್ಯಾಲಿ ರೈಡ್ ಕೊನೆಗೆ ಹೇಳಿ ಹೋದ ಮಾತು

 ಇವತ್ತಿನ ಕಥೆಯನ್ನ ಒಂದು ಕ್ವಿಜ್ ಪ್ರಶ್ನೆಯಿಂದ ಶುರು ಮಾಡ್ತೀನಿ.

ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ಯಾರು? ವ್ಯಾಲೆಂಟಿನಾ ತೆರೆಶ್ಕೋವಾ, 1963. ಮೊದಲ ಅಮೆರಿಕನ್ ಮಹಿಳೆ? ಸ್ಯಾಲಿ ರೈಡ್, 1983. ಹೈಸ್ಕೂಲಲ್ಲಿ ಕ್ವಿಜ್ ಟೀಮ್‌ನಲ್ಲಿದ್ದೋರಿಗೆಲ್ಲ ಇದು ಬಾಯಿಪಾಠ. ನನಗೂ ಅಷ್ಟೇ. ಒಂದು ಹೆಸರು, ಒಂದು ಇಸವಿ, ಹತ್ತು ಅಂಕ. ಮುಂದಿನ ಪ್ರಶ್ನೆ.

ಎಷ್ಟೋ ವರ್ಷ ಆದಮೇಲೆ, ಎಂ.ಎಸ್ಸಿ. ಭೌತಶಾಸ್ತ್ರ ಓದ್ತಿದ್ದಾಗ, ಒಂದು ರಾತ್ರಿ ಫೋನಲ್ಲಿ ಏನೋ ಹುಡುಕ್ತಾ ಒಂದು ಸಾಲು ಕಣ್ಣಿಗೆ ಬಿತ್ತು. ಸ್ಯಾಲಿ ರೈಡ್ ತೀರಿಕೊಂಡಾಗ ಅವರ ಜೊತೆಗಿದ್ದವರು ಟ್ಯಾಮ್ ಒಶಾನೆಸಿ ಅನ್ನೋ ಮಹಿಳೆ. 27 ವರ್ಷದ ಸಂಗಾತಿ. ಅಷ್ಟು ಹೊತ್ತಿಗೆ ನಾನು ಯಾರು ಅನ್ನೋದು ನನಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಎದ್ದು ಕೂತುಬಿಟ್ಟೆ. ಮೊದಲು ಖುಷಿ ಆಯ್ತು. ಐದು ನಿಮಿಷ ಬಿಟ್ಟು ಸಿಟ್ಟು ಬಂತು. ಇಷ್ಟು ದೊಡ್ಡ ಹೆಸರು, ಇಷ್ಟು ದೊಡ್ಡ ಧ್ವನಿ. ಬದುಕಿದ್ದಾಗಲೇ ಒಂದು ಮಾತು ಹೇಳಬಾರದಿತ್ತಾ?

ಇವತ್ತಿನ ಎಪಿಸೋಡ್ ಆ ಸಿಟ್ಟಿನ ಬಗ್ಗೆ. ಅದಕ್ಕೆ ಉತ್ತರ ಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1953ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಒಂದು ಆದೇಶಕ್ಕೆ ಸಹಿ ಹಾಕ್ತಾರೆ. ಸಲಿಂಗಿಗಳು ಸರ್ಕಾರಿ ಕೆಲಸಕ್ಕೆ ಲಾಯಕ್ಕಿಲ್ಲ, ಅವರಿಂದ ದೇಶದ ಭದ್ರತೆಗೆ ಅಪಾಯ ಅನ್ನೋದು ಅದರ ತಾತ್ಪರ್ಯ. ಇದರ ಬಿಸಿ ವಿಜ್ಞಾನಿಗಳಿಗೆ ನೇರವಾಗಿ ತಟ್ಟಿತು. ಯಾಕಂದ್ರೆ ಆ ಕಾಲದಲ್ಲಿ ರಾಕೆಟ್, ಕಂಪ್ಯೂಟರ್, ಪರಮಾಣು ಅಂತ ಏನೇ ಮುಟ್ಟಿದ್ರೂ ಹಿಂದೆ ಸರ್ಕಾರದ ದುಡ್ಡಿರ್ತಿತ್ತು. 1957ರಲ್ಲಿ ಫ್ರಾಂಕ್ ಕ್ಯಾಮೆನಿ ಅನ್ನೋ ಖಗೋಳ ವಿಜ್ಞಾನಿಯನ್ನ ಸೇನೆಯ ನಕ್ಷೆ ವಿಭಾಗದಿಂದ ಇದೇ ಕಾರಣಕ್ಕೆ ಕಿತ್ತುಹಾಕಿದರು. ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮಾಡಿದ್ದ ಮನುಷ್ಯ. ಸರ್ಕಾರಿ ಕೆಲಸ ಅವರಿಗೆ ಮತ್ತೆ ಸಿಗಲಿಲ್ಲ.

ಅದೇ 1957ರಲ್ಲಿ ನ್ಯೂಯಾರ್ಕ್‌ನಲ್ಲಿ ಈಡಿತ್ ವಿಂಡ್ಸರ್ ಅನ್ನೋ ಯುವತಿ ಗಣಿತದಲ್ಲಿ ಸ್ನಾತಕೋತ್ತರ ಪದವಿ ಮುಗಿಸ್ತಾರೆ. ಆಮೇಲೆ ಐಬಿಎಂನಲ್ಲಿ ಪ್ರೋಗ್ರಾಮರ್ ಆಗಿ ಮೇಲಿನ ಹುದ್ದೆವರೆಗೂ ಹೋಗ್ತಾರೆ. 1967ರಲ್ಲಿ ಅವರ ಪ್ರೇಯಸಿ ಥಿಯಾ ಸ್ಪೈಯರ್ ಮದುವೆ ಆಗ್ತೀಯಾ ಅಂತ ಕೇಳ್ತಾರೆ. ಉಂಗುರ ಕೊಟ್ಟು ಅಲ್ಲ, ವಜ್ರದ ಬ್ರೂಚ್ ಕೊಟ್ಟು. ಯಾಕೆ ಗೊತ್ತಾ? ಬೆರಳಲ್ಲಿ ಉಂಗುರ ನೋಡಿದ್ರೆ ಆಫೀಸಲ್ಲಿ ಪ್ರಶ್ನೆ ಬರುತ್ತೆ. ಹುಡುಗ ಯಾರು, ಯಾವಾಗ ಮದುವೆ, ನಮಗೆ ಯಾವಾಗ ತೋರಿಸ್ತೀರಾ? ಬ್ರೂಚ್‌ಗೆ ಯಾರೂ ಪ್ರಶ್ನೆ ಕೇಳಲ್ಲ. ಈ ಹೆಸರು ನೆನಪಿಟ್ಕೊಳ್ಳಿ, ವಾಪಸ್ ಬರ್ತೀನಿ.

ಈಗ ಸ್ಯಾಲಿ. 1951ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಹುಡುಗಿ. ಟೆನಿಸ್ ಅಂದ್ರೆ ಪ್ರಾಣ. ಟ್ಯಾಮ್ ಪರಿಚಯ ಆಗಿದ್ದೂ ಟೆನಿಸ್ ಕೋರ್ಟಲ್ಲೇ, ಇಬ್ಬರೂ ಇನ್ನೂ ಪುಟ್ಟ ಹುಡುಗಿಯರಾಗಿದ್ದಾಗ. ಮುಂದೆ ಸ್ಯಾಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಭೌತಶಾಸ್ತ್ರ ಓದ್ತಾರೆ. ಕಾಲೇಜಿನ ಪತ್ರಿಕೆಯಲ್ಲಿ ನಾಸಾ ಗಗನಯಾತ್ರಿಗಳನ್ನ ಹುಡುಕ್ತಿದೆ ಅನ್ನೋ ಸುದ್ದಿ ನೋಡಿ ಅರ್ಜಿ ಹಾಕ್ತಾರೆ. 8,000ಕ್ಕೂ ಹೆಚ್ಚು ಅರ್ಜಿ, 1978ರಲ್ಲಿ ಆಯ್ಕೆ ಆಗಿದ್ದು 35 ಜನ, ಅದರಲ್ಲಿ 6 ಜನ ಹೆಂಗಸರು. ನಾಸಾ ಮೊದಲ ಸಲ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿದ್ದು ಆಗಲೇ.

1983ರ ಜೂನ್ 18ರಂದು ಚಾಲೆಂಜರ್ ನೌಕೆ ಹಾರಿತು. ಹಾರೋಕೆ ಮುಂಚೆ ಪತ್ರಕರ್ತರು ಕೇಳಿದ ಪ್ರಶ್ನೆ ಕೇಳಿದ್ರೆ ನಗು ಬರುತ್ತೆ, ಆಮೇಲೆ ಮೈ ಉರಿಯುತ್ತೆ. ಕೆಲಸದಲ್ಲಿ ಏನಾದ್ರೂ ತಪ್ಪಾದ್ರೆ ಅಳ್ತೀರಾ? ಗಗನಯಾನದಿಂದ ನಿಮ್ಮ ಗರ್ಭಕೋಶಕ್ಕೆ ತೊಂದರೆ ಆಗಲ್ವಾ? ನಾಸಾದ ಇಂಜಿನಿಯರುಗಳೂ ಏನು ಕಮ್ಮಿ ಇರಲಿಲ್ಲ. ಒಂದು ವಾರದ ಪ್ರಯಾಣಕ್ಕೆ 100 ಟ್ಯಾಂಪನ್ ಸಾಕಾ ಅಂತ ಕೇಳಿದ್ರು. ಮೇಕಪ್ ಕಿಟ್ ಬೇರೆ ತಯಾರು ಮಾಡಿದ್ರು. ರೋಬಾಟ್ ತೋಳನ್ನ ನಡೆಸೋದ್ರಲ್ಲಿ ಪಳಗಿದ ಭೌತವಿಜ್ಞಾನಿಗೆ ಈ ಉಪಚಾರ!

ಯೋಚನೆ ಮಾಡಿ. ಬರೀ ಹೆಣ್ಣು ಅನ್ನೋದಕ್ಕೇ ಇಷ್ಟು ಭೂತಗನ್ನಡಿ ಹಿಡಿದ ಜನ, ಇನ್ನೊಂದು ವಿಷಯ ಗೊತ್ತಾಗಿದ್ರೆ ಸುಮ್ಮನಿರ್ತಿದ್ರಾ? ಕಣ್ಣೆದುರಿಗೇ ಉದಾಹರಣೆ ಇತ್ತು. 1981ರಲ್ಲಿ ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್‌ಗೆ ಮಹಿಳೆಯೊಬ್ಬರ ಜೊತೆ ಸಂಬಂಧ ಇತ್ತು ಅನ್ನೋದು ಕೋರ್ಟ್ ಕೇಸಿನಿಂದ ಬಯಲಾಯ್ತು. ಒಂದೇ ದಿನದಲ್ಲಿ ಜಾಹೀರಾತು ಒಪ್ಪಂದಗಳೆಲ್ಲ ಮಾಯ. ಆ ಬಿಲ್ಲಿ ಜೀನ್ ಕಿಂಗ್ ಸ್ಯಾಲಿಗೂ ಟ್ಯಾಮ್‌ಗೂ ಗೊತ್ತಿದ್ದವರೇ. ಇವರಿಗೆ ಅದು ಪೇಪರ್‌ನಲ್ಲಿ ಓದಿ ಮರೆಯೋ ಸುದ್ದಿ ಆಗಿರಲಿಲ್ಲ.

ಸ್ಯಾಲಿ 1982ರಲ್ಲಿ ಸಹೋದ್ಯೋಗಿ ಗಗನಯಾತ್ರಿ ಸ್ಟೀವ್ ಹಾಲಿಯನ್ನ ಮದುವೆ ಆಗಿದ್ದರು. 1985ರ ಹೊತ್ತಿಗೆ ಟ್ಯಾಮ್ ಜೊತೆಗಿನ ಹಳೇ ಗೆಳೆತನ ಪ್ರೀತಿಗೆ ತಿರುಗಿತು. 1987ರಲ್ಲಿ ವಿಚ್ಛೇದನ. ಅದೇ ವರ್ಷ ನಾಸಾ ಬಿಟ್ಟರು.

ಮಧ್ಯೆ 1986 ಬರುತ್ತೆ. ಜನವರಿ 28ರಂದು ಚಾಲೆಂಜರ್ ಆಕಾಶದಲ್ಲೇ ಒಡೆದುಹೋಗಿ 7 ಜನ ಸತ್ತರು. ಅದರಲ್ಲಿ ಜೂಡಿತ್ ರೆಸ್ನಿಕ್, ಆ 6 ಜನ ಹೆಂಗಸರಲ್ಲಿ ಒಬ್ಬರು. ತನಿಖಾ ಸಮಿತಿಯಲ್ಲಿ ಸ್ಯಾಲಿಯೂ ಇದ್ದರು. ರಿಚರ್ಡ್ ಫೈನ್‌ಮನ್ ರಬ್ಬರ್ ತುಂಡನ್ನ ಐಸ್ ನೀರಲ್ಲಿ ಅದ್ದಿ, ಚಳಿಗೆ ಅದು ಸೆಟೆದುಕೊಳ್ಳುತ್ತೆ ಅಂತ ತೋರಿಸಿದ ವಿಡಿಯೋ ನೀವು ನೋಡಿರಬಹುದು. ಅದರ ಹಿಂದಿನ ಕಥೆ ಹೊರಗೆ ಬಂದಿದ್ದು ತುಂಬಾ ತಡವಾಗಿ. ಸಮಿತಿಯಲ್ಲಿದ್ದ ಜನರಲ್ ಕುಟೀನಾ ಕೈಗೆ ಒಂದು ದಿನ ಸ್ಯಾಲಿ ಮಾತಿಲ್ಲದೆ ಒಂದು ಹಾಳೆ ಇಟ್ಟು ಹೋದರಂತೆ. ಅದರಲ್ಲಿ ಎರಡು ಸಾಲು ಅಂಕಿ. ಒಂದು ಕಡೆ ಉಷ್ಣಾಂಶ, ಇನ್ನೊಂದು ಕಡೆ ಆ ರಬ್ಬರ್ ಉಂಗುರ ಎಷ್ಟು ಬೇಗ ಮೊದಲಿನ ಆಕಾರಕ್ಕೆ ಬರುತ್ತೆ ಅನ್ನೋದು. ಕುಟೀನಾ ಆ ಸುಳಿವನ್ನ ಫೈನ್‌ಮನ್‌ಗೆ ದಾಟಿಸಿದರು. ಯಾರ ಕೆಲಸಕ್ಕೂ ಕುತ್ತು ಬರಬಾರದು ಅಂತ ಮೂಲವನ್ನ ಬಚ್ಚಿಟ್ಟರು. ಸ್ಯಾಲಿ ಸತ್ತ ಮೇಲೇ ಅವರು ಬಾಯಿ ಬಿಟ್ಟಿದ್ದು.

ನನ್ನ ಸಿಟ್ಟು ಸ್ವಲ್ಪ ಇಳಿದಿದ್ದು ಇದನ್ನ ಓದಿದಾಗ. ಧೈರ್ಯ ಇಲ್ಲದ ಹೆಂಗಸು ಅಲ್ಲ ಇವರು. ಯಾವ ಸತ್ಯಕ್ಕೆ ಯಾರು ಬೆಲೆ ಕೊಡಬೇಕಾಗುತ್ತೆ ಅಂತ ಲೆಕ್ಕ ಹಾಕಿ ಬದುಕಿದವರು.

2001ರಲ್ಲಿ ಸ್ಯಾಲಿ, ಟ್ಯಾಮ್ ಮತ್ತು ಗೆಳೆಯರು ಸೇರಿ 'ಸ್ಯಾಲಿ ರೈಡ್ ಸೈನ್ಸ್' ಅನ್ನೋ ಕಂಪನಿ ಶುರು ಮಾಡ್ತಾರೆ. ಶಾಲಾ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ವಿಜ್ಞಾನದ ಆಸೆ ಹುಟ್ಟಿಸೋದೇ ಕೆಲಸ. ಹುಡುಗಿಯರಿಗೆ ತಮ್ಮಂಥ ವಿಜ್ಞಾನಿ ಕಣ್ಣಿಗೆ ಕಂಡರೆ ತಾನೇ ತಾವೂ ಆಗಬಹುದು ಅನ್ನಿಸೋದು? ಇದನ್ನ ಸ್ಯಾಲಿ ಊರೂರಿಗೆ ಹೋಗಿ ಹೇಳ್ತಿದ್ರು. ಆದ್ರೆ ಆ ಕೆಲಸ ನಡೀಬೇಕು ಅಂದ್ರೆ ದೊಡ್ಡ ಕಂಪನಿಗಳ ಪ್ರಾಯೋಜಕತ್ವ ಬೇಕಿತ್ತು. ಈ ಇಬ್ಬರು ಸಂಗಾತಿಗಳು ಅಂತ ಗೊತ್ತಾದ್ರೆ ದುಡ್ಡು ನಿಂತುಹೋಗಬಹುದು ಅನ್ನೋ ಭಯ ಇತ್ತು ಅಂತ ಟ್ಯಾಮ್ ಆಮೇಲೆ ಹೇಳಿದ್ದಾರೆ. ವಿಚಿತ್ರ ನೋಡಿ. ಹುಡುಗಿಯರಿಗೆ ಮಾದರಿ ಆಗೋದಕ್ಕೋಸ್ಕರ, ನನ್ನಂಥ ಹುಡುಗಿಯರಿಗೆ ಮಾದರಿ ಆಗೋ ಭಾಗವನ್ನ ಅವರು ಮುಚ್ಚಿಡಬೇಕಾಯ್ತು.

2012ರ ಜುಲೈ 23ರಂದು, 61ನೇ ವಯಸ್ಸಿನಲ್ಲಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ಸ್ಯಾಲಿ ತೀರಿಕೊಂಡರು. ಜನಕ್ಕೆ ಏನು ಹೇಳಬೇಕು ಅನ್ನೋದನ್ನ ನೀನೇ ತೀರ್ಮಾನ ಮಾಡು ಅಂತ ಟ್ಯಾಮ್‌ಗೆ ಬಿಟ್ಟಿದ್ದರು. ಟ್ಯಾಮ್ ಸಂತಾಪ ಬರಹದ ಕೊನೆಯಲ್ಲಿ, ಬಂಧುಗಳ ಹೆಸರಿನ ಸಾಲಿನಲ್ಲಿ, ತಮ್ಮ ಹೆಸರನ್ನೇ ಮೊದಲು ಬರೆದರು. 27 ವರ್ಷದ ಸಂಗಾತಿ. ಯಾವ ಘೋಷಣೆಯೂ ಇಲ್ಲ, ಪತ್ರಿಕಾಗೋಷ್ಠಿಯೂ ಇಲ್ಲ. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನ ಓದಿದವು. ಸ್ಯಾಲಿಯ ತಂಗಿ ಬೇರ್ ರೈಡ್ ತಾವೂ ಸಲಿಂಗಿ ಅಂತ ಮೊದಲಿಂದಲೇ ಹೇಳಿಕೊಂಡವರು. ತಮ್ಮ ಹೀರೋಗಳಲ್ಲಿ ಒಬ್ಬರು ತಮ್ಮಂತೆಯೇ ಇದ್ದರು ಅಂತ ಗೊತ್ತಾದ್ರೆ ಬೆಳೆಯೋ ಮಕ್ಕಳಿಗೆ ದಾರಿ ಸ್ವಲ್ಪ ಹಗುರ ಆಗಲಿ ಅನ್ನೋ ಅರ್ಥದ ಮಾತು ಹೇಳಿದರು.

ಆದ್ರೆ ಕೇಂದ್ರ ಕಾನೂನಿನ ಕಣ್ಣಲ್ಲಿ ಟ್ಯಾಮ್ ಯಾರು? ಯಾರೂ ಅಲ್ಲ. 1996ರ ಕೇಂದ್ರ ಕಾನೂನಿನ ಪ್ರಕಾರ ಮದುವೆ ಅಂದ್ರೆ ಗಂಡು-ಹೆಣ್ಣಿನ ನಡುವೆ ಮಾತ್ರ. ಗಗನಯಾತ್ರಿಯ ಹೆಂಡತಿಗೋ ಗಂಡನಿಗೋ ಸಿಗೋ ಸೌಲಭ್ಯ ಇವರಿಗಿಲ್ಲ.

ಆ ಕಾನೂನು ಉರುಳಿದ್ದು ಮುಂದಿನ ವರ್ಷ, 2013ರ ಜೂನ್ 26ರಂದು. ಉರುಳಿಸಿದ್ದು ಯಾರು? ವಜ್ರದ ಬ್ರೂಚಿನ ಈಡಿತ್ ವಿಂಡ್ಸರ್! ಥಿಯಾ ಮತ್ತು ಅವರು 2007ರಲ್ಲಿ ಕೆನಡಾದಲ್ಲಿ ಮದುವೆ ಆಗಿದ್ದರು. 2009ರಲ್ಲಿ ಥಿಯಾ ತೀರಿಕೊಂಡಾಗ ಸರ್ಕಾರ ಈಡಿತ್ ಅವರನ್ನ ಹೆಂಡತಿ ಅಂತ ಒಪ್ಪದೆ 3 ಲಕ್ಷ 63 ಸಾವಿರ ಡಾಲರ್ ಆಸ್ತಿ ತೆರಿಗೆ ಹಾಕಿತು. 80ರ ವಯಸ್ಸಲ್ಲಿ ಮುದುಕಿ ಕೋರ್ಟಿಗೆ ಹೋದರು, ಗೆದ್ದರು. ಆಫೀಸಲ್ಲಿ ಉಂಗುರ ಹಾಕೋಕೆ ಹೆದರಿದ್ದ ಅದೇ ಪ್ರೋಗ್ರಾಮರ್. ಅದೇ ವರ್ಷ ನವೆಂಬರ್‌ನಲ್ಲಿ ಅಧ್ಯಕ್ಷ ಒಬಾಮ ಸ್ಯಾಲಿಗೆ ಮರಣೋತ್ತರವಾಗಿ ಕೊಟ್ಟ ಸ್ವಾತಂತ್ರ್ಯ ಪದಕವನ್ನ ಶ್ವೇತಭವನದಲ್ಲಿ ಸ್ವೀಕರಿಸಿದ್ದು ಟ್ಯಾಮ್.

ನಮ್ಮಲ್ಲೂ ವಿಜ್ಞಾನ ಓದಿದವರು ಕೋರ್ಟ್ ಮೆಟ್ಟಿಲು ಹತ್ತಿದ್ದಾರೆ. 2018ರಲ್ಲಿ ಸೆಕ್ಷನ್ 377ರ ವಿರುದ್ಧ ಅರ್ಜಿ ಹಾಕಿದವರಲ್ಲಿ ಐಐಟಿಗಳ 20 ಹಳೇ-ಹೊಸ ವಿದ್ಯಾರ್ಥಿಗಳಿದ್ದರು. ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನಮ್ಮನ್ನ ಅಪರಾಧಿಗಳ ಪಟ್ಟಿಯಿಂದ ತೆಗೆಯಿತು. ಮದುವೆಯ ಹಕ್ಕನ್ನ ಮಾತ್ರ 2023ರ ಅಕ್ಟೋಬರ್‌ನಲ್ಲಿ ಒಪ್ಪಲಿಲ್ಲ. ಅಂದ್ರೆ ಟ್ಯಾಮ್ 2012ರಲ್ಲಿ ಎಲ್ಲಿದ್ದರೋ, ಹೆಚ್ಚೂಕಮ್ಮಿ ನಾವು ಈಗ ಅಲ್ಲಿದ್ದೀವಿ.

ಕೊನೆಗೆ ನನ್ನ ಕಥೆ. ಎಂ.ಎಸ್ಸಿ. ಪ್ರಾಜೆಕ್ಟ್ ವರದಿ ಬರೆದಾಗ ಕೃತಜ್ಞತೆಯ ಪುಟ ಅಂತ ಒಂದಿರುತ್ತಲ್ಲ, ಅಲ್ಲಿ ನನ್ನ ಜೊತೆ ರಾತ್ರಿಯೆಲ್ಲ ಎದ್ದಿದ್ದು ಗ್ರಾಫ್ ತಿದ್ದಿದವಳ ಹೆಸರು ಹಾಕಿದೆ. ಹೆಸರಿನ ಹಿಂದೆ ಬರೆದಿದ್ದು 'ಗೆಳತಿ'. ಕನ್ನಡದಲ್ಲಿ ಆ ಪದ ಎಷ್ಟು ಅನುಕೂಲ ನೋಡಿ. ಓದಿದವರು ಅವರಿಗೆ ಬೇಕಾದ ಅರ್ಥ ಮಾಡ್ಕೊಳ್ಳಬಹುದು. ಅದೇ ನನ್ನ ವಜ್ರದ ಬ್ರೂಚ್. ಅದನ್ನ ಬರೆದ ಕೈಯಲ್ಲೇ ನಾನು ಸ್ಯಾಲಿ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ!

ಈಗ ಸಿಟ್ಟಿಲ್ಲ. ಬೇಜಾರಿದೆ. ಅವರು ಬಾಯಿ ಮುಚ್ಕೊಂಡಿದ್ದಕ್ಕಲ್ಲ, ಮುಚ್ಕೊಳ್ಳೋ ಹಾಗೆ ಮಾಡಿದ್ದಕ್ಕೆ. ಹೇಳಿ ಅಂತ ಯಾರನ್ನೂ ಒತ್ತಾಯ ಮಾಡೋಕಾಗಲ್ಲ. ಮನೆ, ಹಾಸ್ಟೆಲ್, ಗೈಡು, ಸ್ಕಾಲರ್‌ಶಿಪ್, ಇವೆಲ್ಲ ಯಾರ ಕೈಲಿದೆ ಅಂತ ಅವರವರಿಗೇ ಗೊತ್ತಿರುತ್ತೆ. ಈ ಎಪಿಸೋಡ್ ಕೇಳಿ ನೀವು ಇವತ್ತೇ ಏನೋ ಹೇಳಿಬಿಡಬೇಕು ಅಂತಿಲ್ಲ. ಆದ್ರೆ ಹೇಳಿದ್ರೂ ಏನೂ ಕಳ್ಕೊಳ್ಳದ ಜಾಗದಲ್ಲಿ ಇರೋರು ಒಂದು ಪದ ಸರಿಯಾಗಿ ಬರೆದ್ರೆ, ಹತ್ತು ವರ್ಷ ಬಿಟ್ಟು ಲೈಬ್ರರಿಯಲ್ಲಿ ಆ ಪುಟ ತಿರುಗಿಸೋ ಹುಡುಗಿಗೆ ಅದು ಸಿಗುತ್ತೆ.

ನಾನೀಗ ಪಿಎಚ್.ಡಿ. ಪ್ರಬಂಧ ಬರೀತಿದ್ದೀನಿ. ಕೃತಜ್ಞತೆಯ ಪುಟ ಇನ್ನೂ ಖಾಲಿ ಇದೆ. ಪದ ಮಾತ್ರ ತೀರ್ಮಾನ ಆಗಿದೆ. ಸಂಗಾತಿ.