ಬಂಧಿತ ಮಾನವೀಯ ನೆರವು ಕಾರ್ಯಕರ್ತರಿಗೆ ಸ್ವದೇಶದ ಬೆಂಬಲ

ಯುದ್ಧ, ಬರ, ಭೂಕಂಪಗಳಿಂದ ಕಂಗೆಟ್ಟ ಜನರಿಗೆ ಆಹಾರ, ಔಷಧ, ವಸತಿ ಒದಗಿಸಲು ಪರದೇಶಕ್ಕೆ ಹೋದವರನ್ನು ಅಲ್ಲಿನ ಸರ್ಕಾರ ಬಂಧಿಸಿದಾಗ ಅವರ ಸ್ವದೇಶದ ಸರ್ಕಾರ ನೀಡುವ ಸಹಾಯ. ಇದರಲ್ಲಿ ಎರಡು ಬಗೆಗಳಿವೆ. ಬಂಧಿತನನ್ನು ಸೆರೆಮನೆಯಲ್ಲಿ ಕಂಡು, ವಕೀಲರನ್ನು ಗೊತ್ತುಮಾಡಿ, ಮನೆಯವರಿಗೆ ಸುದ್ದಿ ಮುಟ್ಟಿಸುವುದು ಕಾನ್ಸುಲರ್ ನೆರವು. ಪ್ರಜೆಗಾದ ಅನ್ಯಾಯವನ್ನು ತನಗೇ ಆದದ್ದೆಂದು ಪರಿಗಣಿಸಿ ರಾಷ್ಟ್ರವೊಂದು ಇನ್ನೊಂದರಿಂದ ಪರಿಹಾರ ಕೇಳುವುದು ರಾಜತಾಂತ್ರಿಕ ರಕ್ಷಣೆ.

ಕಾನೂನಿನ ನೆಲೆ

ಕಾನ್ಸುಲರ್ ಸಂಬಂಧಗಳನ್ನು ಕುರಿತ 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯಂತೆ, ಬಂಧಿತನು ಬಯಸಿದರೆ ಬಂಧಿಸಿದ ರಾಷ್ಟ್ರವು ಅವನ ದೇಶದ ಕಾನ್ಸುಲರ್ ಕಚೇರಿಗೆ ತಡಮಾಡದೆ ತಿಳಿಸಬೇಕು, ಇಂಥ ಹಕ್ಕಿದೆಯೆಂದು ಅವನಿಗೂ ಹೇಳಬೇಕು. ಈ ಹಕ್ಕು ರಾಷ್ಟ್ರಕ್ಕಷ್ಟೇ ಅಲ್ಲದೆ ವ್ಯಕ್ತಿಗೂ ಸೇರಿದ್ದೆಂದು ಅಂತರರಾಷ್ಟ್ರೀಯ ನ್ಯಾಯಾಲಯವು 2001ರ ಲಾಗ್ರಾಂಡ್ ತೀರ್ಪಿನಲ್ಲಿ ಹೇಳಿತು. ಭಾರತ ಹೂಡಿದ ಕುಲಭೂಷಣ ಜಾಧವ್ ಪ್ರಕರಣವು ನೆರವು ಕಾರ್ಯಕ್ಕೆ ಸಂಬಂಧಿಸಿದ್ದಲ್ಲವಾದರೂ, ಗೂಢಚರ್ಯೆಯ ಆರೋಪ ಹೊತ್ತವನಿಗೂ ಈ ವಿಧಿ ಅನ್ವಯಿಸುತ್ತದೆಂಬ 2019ರ ತೀರ್ಪು, ಅದೇ ಆರೋಪಕ್ಕೆ ಗುರಿಯಾಗುವ ನೆರವು ಕಾರ್ಯಕರ್ತರ ಮಟ್ಟಿಗೆ ಮಹತ್ವದ್ದು.

ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೋಕಾಲ್ ಪರಿಹಾರ ಸಿಬ್ಬಂದಿಗೆ ರಕ್ಷಣೆ ನೀಡುತ್ತದೆ. ಆದರೆ ಅದರ ವ್ಯಾಪ್ತಿ ಅಂತರರಾಷ್ಟ್ರೀಯ ಸಶಸ್ತ್ರ ಸಂಘರ್ಷಕ್ಕೆ ಸೀಮಿತ. ಉಳಿದಂತೆ, ಖಾಸಗಿ ಸಂಸ್ಥೆಯ ನೆರವು ಕಾರ್ಯಕರ್ತನು ಕಾನೂನಿನ ಕಣ್ಣಿಗೆ ಬಹುಮಟ್ಟಿಗೆ ಸಾಮಾನ್ಯ ವಿದೇಶಿಯೇ. ರಾಜತಾಂತ್ರಿಕ ರಕ್ಷಣೆ ರಾಷ್ಟ್ರದ ಹಕ್ಕೇ ಹೊರತು ಕರ್ತವ್ಯವಲ್ಲವೆಂಬುದು ಅಂತರರಾಷ್ಟ್ರೀಯ ಕಾನೂನು ಆಯೋಗದ 2006ರ ಕರಡು ವಿಧಿಗಳ ನಿಲುವಾದ್ದರಿಂದ, ಪ್ರಜೆ ಎಷ್ಟು ಬೆಂಬಲವನ್ನು ಹಕ್ಕಿನಿಂದ ಕೇಳಬಹುದೆಂಬುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಜರ್ಮನಿಯ 1974ರ ಕಾನ್ಸುಲರ್ ಕಾಯಿದೆ ಅಧಿಕಾರಿಗಳಿಗೆ ಕರ್ತವ್ಯವನ್ನೇ ವಿಧಿಸಿದರೆ, ಬ್ರಿಟನ್ನಿನಲ್ಲಿ ಅದು ಸರ್ಕಾರದ ವಿವೇಚನೆಗೆ ಸೇರಿದೆ.

ಬೆಲ್ಜಿಯಂ–ಇರಾನ್ ಪ್ರಕರಣ

ಕಾನ್ಸುಲರ್ ನೆರವು ಸಾಲದೆ ಬಂದಾಗ ಸರ್ಕಾರ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಒಲಿವಿಯೆ ವಾಂಡೆಕಾಸ್ಟೀಲ್ ಪ್ರಕರಣ ನಿದರ್ಶನ. ಇರಾನಿನಲ್ಲಿ ನೆರವು ಸಂಸ್ಥೆಗಳಿಗಾಗಿ ದುಡಿದಿದ್ದ ಈ ಬೆಲ್ಜಿಯಂ ಪ್ರಜೆಯನ್ನು 2022ರ ಫೆಬ್ರವರಿಯಲ್ಲಿ ಟೆಹ್ರಾನಿನಲ್ಲಿ ಬಂಧಿಸಿ, ದೀರ್ಘಕಾಲ ಏಕಾಂತ ಸೆರೆಯಲ್ಲಿ ಇಡಲಾಯಿತು. ಗೂಢಚರ್ಯೆ ಮೊದಲಾದ ಆರೋಪಗಳ ಮೇಲೆ 40 ವರ್ಷಗಳ ಸಜೆ ಹಾಗೂ 74 ಛಡಿಯೇಟಿನ ಶಿಕ್ಷೆಯಾಗಿದೆಯೆಂದು 2023ರ ಜನವರಿಯಲ್ಲಿ ಪ್ರಕಟವಾಯಿತು.

ಇದರ ಹಿನ್ನೆಲೆ ಹಳೆಯದು. 2018ರ ಜೂನ್‌ನಲ್ಲಿ ಪ್ಯಾರಿಸ್ ಬಳಿಯ ವಿಲ್ಪಾಂತ್‌ನಲ್ಲಿ ಇರಾನಿನ ವಿರೋಧಿ ಬಣ ನಡೆಸಿದ ಸಭೆಯ ಮೇಲೆ ಬಾಂಬ್ ಹಾಕುವ ಸಂಚು ಬಯಲಾಗಿ, ವಿಯೆನ್ನಾದಲ್ಲಿದ್ದ ಇರಾನಿ ರಾಜತಂತ್ರಜ್ಞ ಅಸದೊಲ್ಲಾ ಅಸದಿ ಜರ್ಮನಿಯಲ್ಲಿ ಸೆರೆಸಿಕ್ಕರು. ನಿಯೋಜಿತ ದೇಶದ ಹೊರಗೆ ಸಿಕ್ಕಿದ್ದರಿಂದ ರಾಜತಾಂತ್ರಿಕ ವಿನಾಯಿತಿ ಅವರ ಪಾಲಿಗೆ ಒದಗಲಿಲ್ಲ. ಬೆಲ್ಜಿಯಂಗೆ ಒಪ್ಪಿಸಲಾದ ಅವರಿಗೆ ಅಲ್ಲಿನ ಆಂಟ್ವರ್ಪ್ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ 20 ವರ್ಷಗಳ ಸಜೆ ವಿಧಿಸಿತು. ವಾಂಡೆಕಾಸ್ಟೀಲ್ ಬಂಧನವಾದ ಕೆಲವೇ ವಾರಗಳಲ್ಲಿ ಉಭಯ ದೇಶಗಳು ಶಿಕ್ಷಿತರ ಹಸ್ತಾಂತರದ ಒಪ್ಪಂದಕ್ಕೆ ಸಹಿ ಹಾಕಿದವು, ಜುಲೈನಲ್ಲಿ ಬೆಲ್ಜಿಯಂ ಸಂಸತ್ತು ಅದಕ್ಕೆ ಒಪ್ಪಿಗೆಯಿತ್ತಿತು. ಸಂಚಿಗೆ ಗುರಿಯಾಗಿದ್ದವರು ದಾವೆ ಹೂಡಿದಾಗ ಸಂವಿಧಾನ ನ್ಯಾಯಾಲಯವು ಡಿಸೆಂಬರ್‌ನಲ್ಲಿ ಒಪ್ಪಿಗೆ ಕಾಯಿದೆಯನ್ನು ತಡೆಹಿಡಿದು, 2023ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತಾದರೂ, ಹಸ್ತಾಂತರಕ್ಕೆ ಮುಂಚೆ ಸಂತ್ರಸ್ತರಿಗೆ ತಿಳಿಸಬೇಕೆಂದಿತು. ಕಡೆಗೆ ಸರ್ಕಾರ ಆ ಒಪ್ಪಂದವನ್ನು ಬದಿಗಿಟ್ಟು, ವಿದೇಶಾಂಗ ವ್ಯವಹಾರದ ಅಧಿಕಾರ ನೀಡುವ ಸಂವಿಧಾನದ 167ನೆಯ ವಿಧಿಯನ್ನು ಆಧರಿಸಿತು. 2023ರ ಮೇ 26ರಂದು ಓಮಾನಿನ ಮಧ್ಯಸ್ಥಿಕೆಯಲ್ಲಿ ಇಬ್ಬರ ವಿನಿಮಯ ನಡೆಯಿತು.

ಭಾರತ

ಸಂಕಷ್ಟದಲ್ಲಿರುವ ಅನಿವಾಸಿಗಳಿಗೆ ವಕೀಲರ ವೆಚ್ಚ ಸೇರಿದಂತೆ ನೆರವಾಗುವ ಭಾರತೀಯ ಸಮುದಾಯ ಕಲ್ಯಾಣ ನಿಧಿ 2009ರಲ್ಲಿ ಸ್ಥಾಪನೆಯಾಯಿತು. ನೆರವು ಕಾರ್ಯಕರ್ತರಿಗೆಂದೇ ಇರುವ ನಿಧಿ ಇದಲ್ಲ. ಏಡನ್‌ನ ವೃದ್ಧಾಶ್ರಮದಿಂದ 2016ರಲ್ಲಿ ಅಪಹೃತರಾದ ಕೇರಳದ ಪಾದ್ರಿ ಟಾಮ್ ಉಳುನ್ನಾಲಿಲ್ 2017ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದಾಗಲೂ ಮಧ್ಯವರ್ತಿ ಓಮಾನೇ. ಅಪಹರಣವು ಸರ್ಕಾರಿ ಬಂಧನವಲ್ಲವಾದ್ದರಿಂದ ಅಲ್ಲಿ 36ನೆಯ ವಿಧಿ ಕೆಲಸಕ್ಕೆ ಬರುವಂತಿರಲಿಲ್ಲ.

ವಿಮರ್ಶೆ

ವಿನಿಮಯವು ಮುಂದಿನ ಬಂಧನಗಳಿಗೆ ಕುಮ್ಮಕ್ಕಾಗುತ್ತದೆಂಬ ಆಕ್ಷೇಪವಿದೆ. ಚೌಕಾಸಿಗಾಗಿ ವಿದೇಶಿಯರನ್ನು ಬಂಧಿಸುವುದನ್ನು ಖಂಡಿಸುವ ಘೋಷಣೆಯೊಂದನ್ನು ಕೆನಡಾದ ಮುಂದಾಳುತನದಲ್ಲಿ ಹಲವು ದೇಶಗಳು 2021ರಲ್ಲಿ ಹೊರಡಿಸಿದವು. ಬೆಲ್ಜಿಯಂ ಕೂಡ ಅದನ್ನು ಬೆಂಬಲಿಸಿದ ದೇಶಗಳಲ್ಲಿ ಒಂದಾಗಿತ್ತು. ಆದರೂ ಎರಡೇ ವರ್ಷಗಳಲ್ಲಿ ತನ್ನ ಪ್ರಜೆಯನ್ನು ಬಿಡಿಸಿಕೊಳ್ಳಲು ಅದಕ್ಕೆ ವಿನಿಮಯದ ದಾರಿಯನ್ನೇ ಹಿಡಿಯಬೇಕಾಯಿತು.